ಸಹಾಯ ಬೇಕು: ಡಾಂಬರು ಮಿಕ್ಸ್‌ಗೆ ಫೈಬರ್ ಹಾಕಿದವರು ಇದ್ದೀರಾ?

ಶಹಾಪುರ ಕಡೆ ರಸ್ತೆ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಕೆಳಗೆಲ್ಲ ಎರೆ ಮಣ್ಣು. ಬೇಸಿಗೆಯಲ್ಲಿ ಹತ್ತಿ, ಭತ್ತದ ಲಾರಿ ಓಡಿ ಗಾಲಿ ಜಾಡು ಕುಸಿಯುತ್ತದೆ, ಮಳೆ ಬಿದ್ದ ಮೇಲೆ ಅಂಚಿನಿಂದ ಬಿರುಕು. ಮೇಲಿನ ಪದರಕ್ಕೆ ಫೈಬರ್ ಸೇರಿಸೋಣ ಅಂತಿದ್ದೇವೆ. ಎಸ್‌ಎಂಎ (ಸ್ಟೋನ್ ಮ್ಯಾಟ್ರಿಕ್ಸ್ ಅಸ್ಫಾಲ್ಟ್, ದಪ್ಪ ಜಲ್ಲಿ ಜಾಸ್ತಿ ಇರುವ ಡಾಂಬರು ಮಿಕ್ಸ್) ಮಿಕ್ಸ್‌ಗೆ ಸೆಲ್ಯುಲೋಸ್ ಫೈಬರ್ ಒಟ್ಟು ಮಿಕ್ಸ್ ತೂಕದ 0.3% ಹಾಕುತ್ತಾರೆ, ಆದರೆ ಅದು ಮುಖ್ಯವಾಗಿ ಡಾಂಬರು ಸೋರದಂತೆ ಹಿಡಿಯೋಕೆ. ನಮಗೆ ಬೇಕಿರುವುದು ಬಿರುಕು ತಡೆಯುವಂಥದ್ದು.

ಅಂಗಡಿಯವರು ತೋರಿಸಿದ್ದು ಪಾಲಿಪ್ರೊಪಿಲೀನ್, ಕಾಂಕ್ರೀಟಿಗೆ ಹಾಕುವುದೇ. ಅದು ಸುಮಾರು 160 ಡಿಗ್ರಿಗೆ ಕರಗುತ್ತದೆ, ನಮ್ಮ ಮಿಕ್ಸ್ ಬಿಸಿಯೂ ಹತ್ತಿರ ಹತ್ತಿರ ಅಷ್ಟೇ. ಸುಮ್ನೆ ದುಡ್ಡು ದಂಡ, ಅಲ್ವಾ?

ಪಾಲಿಯೆಸ್ಟರ್ ಅಥವಾ ಅರಾಮಿಡ್ (ಕೆವ್ಲಾರ್ ಥರದ ಗಟ್ಟಿ ಎಳೆ) ಫೈಬರ್ ಬಳಸಿದವರು ಹೇಳಿ. ಡಾಂಬರು ಬಿಡುವ ಮೊದಲೇ ಬಿಸಿ ಜಲ್ಲಿಗೆ ಹಾಕ್ತೀರಾ? ಉಂಡೆ ಕಟ್ಟದ ಹಾಗೆ ಹೇಗೆ ಬಿಡಿಸ್ತೀರಾ? ಡಾಂಬರು ಎಷ್ಟು ಜಾಸ್ತಿ ಕುಡಿಯುತ್ತದೆ? ಯಾದಗಿರಿ, ಕಲಬುರಗಿ ಕಡೆ ಇಂಥ ರಸ್ತೆ ಇದ್ದರೆ ಬಂದು ನೋಡುತ್ತೇನೆ.