ಹಳೇ ಪಿಕಪ್‌ಗೆ ಬದಲಿ ಡೀಸೆಲ್ ಟ್ಯಾಂಕ್: ಯಾವುದು ಕೂರುತ್ತದೆ?

ಪ್ರಶ್ನೆ (ಸಿದ್ದಾಪುರದಿಂದ): ಮೇಸ್ತ್ರಿ, ನಮಸ್ಕಾರ. ನನ್ನದು 2006ರ ಡೀಸೆಲ್ ಪಿಕಪ್. ತೋಟಕ್ಕೆ ಗೊಬ್ಬರ, ಕುಯ್ಲಿನ ಕಾಲದಲ್ಲಿ ಕಾಫಿ ಮೂಟೆ, ಎಲ್ಲ ಅದರಲ್ಲೇ. ಈ ಸಲದ ಮಳೆ ಮುಗಿಯುವಷ್ಟರಲ್ಲಿ ಟ್ಯಾಂಕಿನಿಂದ ಡೀಸೆಲ್ ತೊಟ್ಟಿಕ್ಕಲು ಶುರುವಾಯಿತು. ಎಂ-ಸೀಲ್ ಹಚ್ಚಿದೆ. ಹದಿನೈದು ದಿನ ನಿಂತಿತು, ಈಗ ಪಕ್ಕದಲ್ಲೇ ಇನ್ನೊಂದು ತೂತು. ಪರಿಚಯದ ಅಂಗಡಿಗೆ ಫೋನ್ ಮಾಡಿ, ಗಾಡಿ ಹೆಸರು ಹೇಳಿ ಬೇರೆ ಟ್ಯಾಂಕ್ ತರಿಸಿದೆ. ಬಂದದ್ದು ನೋಡಿದರೆ ಡೀಸೆಲ್ ತುಂಬುವ ಬಾಯಿ ಇರುವ ಕಡೆಯೇ ಬೇರೆ. ವಾಪಸ್ ತಗೊಳ್ಳಲ್ಲ ಅಂತಾರೆ. ಜನವರಿಗೆ ರೋಬಸ್ಟಾ ಕುಯ್ಲು. ಅಷ್ಟರೊಳಗೆ ಸರಿಯಾದದ್ದು ಹುಡುಕುವುದು ಹೇಗೆ?

ಉತ್ತರ (ಮೇಸ್ತ್ರಿ, ಗೋಣಿಕೊಪ್ಪ): ಅಣ್ಣ, ಬರೀ ಗಾಡಿ ಹೆಸರು ಹೇಳಿ ಟ್ಯಾಂಕ್ ತರಿಸುವುದು ಅಂದರೆ ಊರಿನ ಹೆಸರು ಮಾತ್ರ ಹೇಳಿ ಮನೆ ಹುಡುಕಿದ ಹಾಗೆ. ಬೊಲೆರೊ ಪಿಕಪ್ ಆಗಲಿ, ಟಾಟಾ 207 ಆಗಲಿ, ಒಂದೇ ಹೆಸರಿನಲ್ಲಿ ವರ್ಷಗಟ್ಟಲೆ ಬಂದಿವೆ. ನಡುವೆ ಇಂಜಿನ್ ಬದಲಾಗಿದೆ. ಸಿಂಗಲ್ ಕ್ಯಾಬಿನ್, ಡಬಲ್ ಕ್ಯಾಬಿನ್ ಅಂತ ಬೇರೆ ಇದೆ. ಟ್ಯಾಂಕ್ ಹೊರಗಿನಿಂದ ಒಂದೇ ಥರ ಕಂಡರೂ ಬಾಯಿ, ಪೈಪು, ಟ್ಯಾಂಕನ್ನು ಬಿಗಿದು ಹಿಡಿಯುವ ಪಟ್ಟಿ ಬೇರೆ ಇರಬಹುದು.

ಮೊದಲು ಒಂದು ಮಾತು. ತೂತು ಎಲ್ಲಿದೆ ಅಂತ ನೀವು ಬರೆದಿಲ್ಲ. ಟ್ಯಾಂಕ್ ತುಂಬಿಸಿದ ದಿನ ಮಾತ್ರ ಮೇಲ್ಭಾಗ ಒದ್ದೆಯಾದರೆ ಅದು ಫ್ಲೋಟಿನ (ಡೀಸೆಲ್ ಎಷ್ಟಿದೆ ಅಂತ ಗೇಜಿಗೆ ತಿಳಿಸುವ ತೇಲುಬುರುಡೆಯ) ಪ್ಯಾಕಿಂಗ್, ಇಲ್ಲವೇ ಬಾಯಿಯ ರಬ್ಬರ್ ಹೋಸ್. ಅದಕ್ಕೆ ಟ್ಯಾಂಕ್ ಬದಲಿಸಬೇಕಾಗಿಲ್ಲ. ಪಟ್ಟಿಯ ಕೆಳಗೆ ತೂತಾಗಿದ್ದರೆ ಮಾತ್ರ ಟ್ಯಾಂಕ್ ಹೋಯಿತು ಅಂತ ಲೆಕ್ಕ. ನಮ್ಮ ಕಡೆ ಜಾಸ್ತಿ ಆಗುವುದು ಇದೇ. ಪೊಟ್ಯಾಷ್ ಅಂದರೆ ಉಪ್ಪಿನ ಜಾತಿಯದೇ. ಮೂಟೆಯಿಂದ ಉದುರಿದ ಪುಡಿ ಮಳೆನೀರಿನಲ್ಲಿ ಕರಗಿ, ಬಾಡಿಯ ಸಂದಿಯಿಂದ ಇಳಿದು, ಪಟ್ಟಿಗೂ ಟ್ಯಾಂಕಿಗೂ ನಡುವೆ ಇರುವ ರಬ್ಬರಿಗೆ ಸೇರುತ್ತದೆ. ಮೇಲೆ ಕೆಸರು ಮೆತ್ತಿಕೊಂಡರೆ ಮುಗಿಯಿತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಣಗುವುದೇ ಇಲ್ಲ. ತಗಡು ಹೊರಗಿನಿಂದ ತಿಂದುಹೋಗುತ್ತದೆ. ಅಲ್ಲಿ ಎಂ-ಸೀಲ್ ಹಚ್ಚಿದರೆ ಪಕ್ಕದಲ್ಲಿ ಇನ್ನೊಂದು ತೂತು ಬರದೇ ಇರುತ್ತದಾ?

ಇನ್ನು ಹುಡುಕುವ ಕೆಲಸ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಪೂರ್ತಿ 17 ಅಕ್ಷರ ಬರೆದುಕೊಳ್ಳಿ. ಕಂಪನಿ ಸ್ಪೇರ್ ಕೌಂಟರಿನಲ್ಲಿ ಅದನ್ನು ಹಾಕಿದರೆ ಟ್ಯಾಂಕಿನ ಪಾರ್ಟ್ ನಂಬರ್ ಬರುತ್ತದೆ. ಆ ಟ್ಯಾಂಕ್ ಈಗ ಸಿಗದೇ ಇದ್ದರೂ ನಂಬರ್ ಕೈಯಲ್ಲಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲೂ ಕೇಳಬಹುದು. ರಿಜಿಸ್ಟ್ರೇಷನ್ ವರ್ಷ ನಂಬಬೇಡಿ. ಡಿಸೆಂಬರಿನಲ್ಲಿ ತಯಾರಾದ ಗಾಡಿ ಮಾರ್ಚಿನಲ್ಲಿ ರಿಜಿಸ್ಟರ್ ಆಗಿರುತ್ತದೆ.

ಆಮೇಲೆ ಹಳೇ ಟ್ಯಾಂಕ್ ಇಳಿಸಿ. ಅದನ್ನೇ ಹೊತ್ತುಕೊಂಡು ಹೋಗಿ. ಗುಜರಿಗೆ ಹೋಗುವುದಾದರೂ ಅಷ್ಟೇ. ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಉದ್ದ, ಅಗಲ, ಎತ್ತರ ಸರಿ ಇದೆಯಾ. ಪಟ್ಟಿ ಕೂರುವ ಎರಡು ಜಾಗದ ನಡುವಿನ ಅಂತರ ಸರಿ ಇದೆಯಾ. ಬಾಯಿ ಯಾವ ಕಡೆಗೆ ಓರೆಯಾಗಿದೆ, ಒಳಗಿನ ಅಳತೆ ಎಷ್ಟು. ಡೀಸೆಲ್ ಹೊರಗೆ ಹೋಗುವ ಪೈಪು, ಉಳಿದ ಡೀಸೆಲ್ ಟ್ಯಾಂಕಿಗೆ ವಾಪಸ್ ಬರುವ ರಿಟರ್ನ್ ಪೈಪು, ಗಾಳಿ ಆಡುವ ಬ್ರೀದರ್ ಪೈಪು, ಮೂರೂ ಇವೆಯಾ. ಲೀಟರ್ ಕೊನೆಗೆ ಕೇಳಿ. ಐದು ಲೀಟರ್ ಹೆಚ್ಚು ಕಡಿಮೆ ಆದರೆ ಗಾಡಿ ಓಡುತ್ತದೆ. ರಿಟರ್ನ್ ಪೈಪ್ ಇಲ್ಲದಿದ್ದರೆ ಓಡುವುದಿಲ್ಲ.

ಪ್ರಶ್ನೆ (ಸಿದ್ದಾಪುರ): ತೂತು ಪಟ್ಟಿ ಕೆಳಗೇ ಮೇಸ್ತ್ರಿ. ಗುಜರಿಯಲ್ಲಿ ಒಂದು ಸಿಕ್ಕಿದೆ. ಪಟ್ಟಿ, ಬಾಯಿ, ಪೈಪು ಎಲ್ಲ ಸರಿ. ಆದರೆ ಆಳ ಸುಮಾರು ಎರಡು ಇಂಚು ಕಡಿಮೆ. ಅದರ ಫ್ಲೋಟೂ ಅದರಲ್ಲೇ ಇದೆ.

ಉತ್ತರ (ಮೇಸ್ತ್ರಿ): ಆಳ ಕಡಿಮೆ ಅಂದರೆ ನಿಮ್ಮ ಹಳೇ ಫ್ಲೋಟಿನ ತೋಳು ತಳಕ್ಕೆ ತಾಗಿ ನಿಲ್ಲುತ್ತದೆ. ಆಗ ಟ್ಯಾಂಕ್ ಖಾಲಿಯಾದರೂ ಗೇಜ್ ಕಾಲುಭಾಗ ತೋರಿಸುತ್ತದೆ. ಆ ಟ್ಯಾಂಕಿನ ಫ್ಲೋಟ್ ಹಾಕಿದರೆ ಅದು ನಿಮ್ಮ ಮೀಟರಿಗೆ ಹೊಂದಬೇಕಲ್ಲ. ಮಲ್ಟಿಮೀಟರ್ ತಗೊಂಡು ಎರಡೂ ಫ್ಲೋಟಿನ ಓಮ್ಸ್ (ಕರೆಂಟಿಗೆ ಎಷ್ಟು ತಡೆ ಅನ್ನುವ ಅಳತೆ) ನೋಡಿ, ತೋಳು ಮೇಲಿದ್ದಾಗ ಎಷ್ಟು, ಕೆಳಗಿದ್ದಾಗ ಎಷ್ಟು ಅಂತ. ಎರಡರದ್ದೂ ಹತ್ತಿರ ಹತ್ತಿರ ಇದ್ದರೆ ಅದನ್ನೇ ಹಾಕಿ. ಕೆಲವು ಗಾಡಿಯಲ್ಲಿ ತುಂಬಿದಾಗ ಓಮ್ಸ್ ಕಡಿಮೆ, ಕೆಲವಲ್ಲಿ ಉಲ್ಟಾ. ಉಲ್ಟಾ ಆದರೆ ಫುಲ್ ಟ್ಯಾಂಕಿಗೆ ಮುಳ್ಳು ಖಾಲಿಯಲ್ಲಿ ಕೂರುತ್ತದೆ, ನೋಡಲು ತಮಾಷೆ.

ದುಡ್ಡು ಕೊಡುವ ಮುಂಚೆ ಬಾಯಿಯಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ತಳ ಕೆಂಪಗಿದ್ದರೆ ಬಿಟ್ಟುಬಿಡಿ. ಆಮೇಲೆ ಬಾಯಿ, ಪೈಪು, ಫ್ಲೋಟಿನ ಜಾಗ ಎಲ್ಲ ಮುಚ್ಚಿ, ಸೈಕಲ್ ಪಂಪಿನಿಂದ ಒಂದಿಷ್ಟು ಗಾಳಿ ಹೊಡೆದು, ಸೋಪಿನ ನೀರು ಸವರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಬೇಡಿ. ತಗಡು ಉಬ್ಬಿಕೊಂಡರೆ ಪಟ್ಟಿಗೆ ಕೂರುವುದಿಲ್ಲ.

ಪ್ರಶ್ನೆ (ಸೋಮವಾರಪೇಟೆಯಿಂದ): ಇಷ್ಟೆಲ್ಲ ಅಲೆದಾಟ ಯಾಕೆ? ಜಿಐ ಶೀಟ್ ತಂದು ವೆಲ್ಡಿಂಗ್ ಶಾಪಿನಲ್ಲಿ ಅದೇ ಅಳತೆಗೆ ಮಾಡಿಸಿದರೆ ತುಕ್ಕೂ ಹಿಡಿಯಲ್ಲ ಅಲ್ವಾ? ಇಲ್ಲ ಹಳೆಯದಕ್ಕೇ ತೇಪೆ ಹಾಕಿಸಿದರೆ?

ಉತ್ತರ (ಮೇಸ್ತ್ರಿ): ಮಾಡಿಸಬಹುದು, ಆದರೆ ಜಿಐ ಬೇಡ. ಅದರ ಮೇಲಿನ ಸತುವಿಗೂ ಡೀಸೆಲ್‌ಗೂ ಆಗಿಬರುವುದಿಲ್ಲ. ಸತು ಸ್ವಲ್ಪ ಸ್ವಲ್ಪವೇ ಡೀಸೆಲ್‌ಗೆ ಇಳಿದು, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಬಾಯಲ್ಲಿ ಕಟ್ಟಿಕೊಳ್ಳುತ್ತದೆ. ತಾಮ್ರದ ಪೈಪಿಗೂ ಇದೇ ಮಾತು, ಡೀಸೆಲ್ ಬೇಗ ಕೆಡುತ್ತದೆ. ಜಿಐ ಬಿಟ್ಟು ಸಾದಾ ಶೀಟಿನಲ್ಲಿ ಮಾಡಿಸಿ, ಹೊರಗೆ ಚೆನ್ನಾಗಿ ಪೇಂಟ್ ಹೊಡೆಸಿ.

ಇನ್ನೊಂದು, ಒಳಗೆ ಅಡ್ಡಪಟ್ಟಿ ಹಾಕಿಸುವುದನ್ನು ಮರೆಯುತ್ತಾರೆ. ಕಂಪನಿ ಟ್ಯಾಂಕಿನಲ್ಲಿ ಡೀಸೆಲ್ ಹೊಯ್ದಾಡದಂತೆ ತಡೆಯಲು ಅದನ್ನು ಕೊಟ್ಟಿರುತ್ತಾರೆ. ಬಯಲು ಸೀಮೆಯಲ್ಲಿ ಅದಿಲ್ಲದೆ ನಡೆದೀತು. ನಮ್ಮ ತೋಟದ ಏರಿನಲ್ಲಿ ಮೂಟೆ ಹೇರಿಕೊಂಡು ಹತ್ತುವಾಗ, ಡೀಸೆಲ್ ಕಾಲು ಟ್ಯಾಂಕ್ ಇದ್ದರೆ ಎಲ್ಲ ಹಿಂದಕ್ಕೆ ಹೋಗಿ ಪೈಪು ಗಾಳಿ ಎಳೆಯುತ್ತದೆ. ಅರ್ಧ ಏರಿನಲ್ಲಿ ಗಾಡಿ ಆಫ್. ಅಲ್ಲಿ ನಿಂತು ಏರ್ ತೆಗೆಯುವುದು ಯಾರಿಗೆ ಬೇಕು?

ತೇಪೆಯ ವಿಷಯ: ಡೀಸೆಲ್ ಇದ್ದ ಟ್ಯಾಂಕಿಗೆ ಸುಮ್ನೆ ವೆಲ್ಡಿಂಗ್ ಹಚ್ಚಬೇಡಿ. ಖಾಲಿ ಇದೆಯಲ್ಲ ಅಂತ ಧೈರ್ಯ ಬೇಡ. ಒಳಗೆ ಅಂಟಿಕೊಂಡ ಡೀಸೆಲ್ ಬಿಸಿಗೆ ಆವಿಯಾಗುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ನೀರಿನಲ್ಲಿ ಒಂದು ಸಲ ತೊಳೆದದ್ದು ಸಾಲದು. ನಾನಂತೂ ಆ ಕೆಲಸ ಒಪ್ಪಿಕೊಳ್ಳುವುದನ್ನೇ ಬಿಟ್ಟಿದ್ದೇನೆ.

ಪ್ರಶ್ನೆ (ನಾಪೋಕ್ಲುವಿನಿಂದ): ನನ್ನದು 2018ರ ಬಿಎಸ್-4 ಪಿಕಪ್, ಕಾಮನ್ ರೈಲ್. ಮನೆಯಲ್ಲಿ ಹಳೇ ಪಿಕಪ್‌ನ ಟ್ಯಾಂಕ್ ಚೆನ್ನಾಗಿಯೇ ಬಿದ್ದಿದೆ. ಹಾಕಬಹುದಾ?

ಉತ್ತರ (ಮೇಸ್ತ್ರಿ): ಬೇಡ. ಹಳೇ ಪಂಪು ಒಂದಿಷ್ಟು ಕಸ ಬಂದರೂ ತಡೆದುಕೊಳ್ಳುತ್ತಿತ್ತು. ನಿಮ್ಮ ಕಾಮನ್ ರೈಲ್ ಗಾಡಿಯಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಮೇಲಿನ ಒತ್ತಡದಲ್ಲಿ ಹೋಗುತ್ತದೆ, ಚೂರು ತುಕ್ಕು ಹೋದರೂ ಇಂಜೆಕ್ಟರ್ ಕೆಡುತ್ತದೆ. ಟ್ಯಾಂಕ್ ಉಳಿಸಲು ಹೋಗಿ ಅದರ ಎಷ್ಟೋ ಪಟ್ಟು ಖರ್ಚು. ನಿಮ್ಮ ಪಾರ್ಟ್ ನಂಬರಿನದೇ ತಗೊಳ್ಳಿ.

ಪ್ರಶ್ನೆ (ಸಿದ್ದಾಪುರ, ಒಂದು ವಾರದ ನಂತರ): ಗುಜರಿಯದನ್ನೇ ಕೂರಿಸಿದೆವು ಮೇಸ್ತ್ರಿ, ಅದರ ಫ್ಲೋಟೇ ಹೊಂದಿತು. ಹೊಸ ರಬ್ಬರ್, ಹೊಸ ಡೀಸೆಲ್ ಫಿಲ್ಟರ್ ಹಾಕಿ ಲೈನಿಗೆಲ್ಲ ಗಾಳಿ ಹೊಡೆಸಿದೆ. ಗೇಜ್ ಸರಿ ತೋರಿಸುತ್ತದೆ. ಆದರೆ ಹತ್ತು ಹನ್ನೆರಡು ಕಿಲೋಮೀಟರ್ ಓಡಿದ ಮೇಲೆ ಎಳೆತ ಕಡಿಮೆಯಾಗಿ ನಿಂತೇ ಹೋಗುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಫಿಲ್ಟರ್ ಬಿಚ್ಚಿ ನೋಡಿದೆ, ಕಸ ಇಲ್ಲ.

ಉತ್ತರ (ಮೇಸ್ತ್ರಿ): ಮುಂದಿನ ಸಲ ನಿಂತ ಕೂಡಲೇ ಬಾನೆಟ್ ಎತ್ತಬೇಡಿ. ಇಳಿದು ಟ್ಯಾಂಕಿನ ಮುಚ್ಚಳ ತಿರುಗಿಸಿ. ಉಸ್ ಅಂತ ಗಾಳಿ ಒಳಗೆ ಹೋದರೆ ಟ್ಯಾಂಕಿಗೆ ಉಸಿರಾಡಲು ದಾರಿ ಇಲ್ಲ ಅಂತ ಅರ್ಥ. ಡೀಸೆಲ್ ಹೋದಷ್ಟು ಗಾಳಿ ಒಳಗೆ ಬರಬೇಕು. ಬ್ರೀದರ್ ಪೈಪ್ ಎಲ್ಲಾದರೂ ಮಡಚಿದೆಯಾ ನೋಡಿ. ಅದು ಸರಿ ಇದ್ದರೆ ಮುಚ್ಚಳದಲ್ಲಿ ಗಾಳಿ ಬರುವ ದಾರಿ ಇದೆಯಾ ನೋಡಿ. ಮುಚ್ಚಳ ಯಾವುದು ಹಾಕಿದ್ದೀರಿ, ಗುಜರಿಯಿಂದ ಬಂದದ್ದಾ?

ಸಿದ್ದಾಪುರ: ಉಸ್ ಅಂತು! ಬ್ರೀದರ್ ಸರಿ ಇದೆ. ಮುಚ್ಚಳ ಗುಜರಿಯದೇ, ಬೀಗ ಇರುವ ಯಾವುದೋ ಕಾರಿನದು. ಹಳೇ ಮುಚ್ಚಳ ಕೊಟ್ಟಿಗೆಯಲ್ಲಿ ಸಿಕ್ಕಿತು, ತೊಳೆದು ಹಾಕಿದೆ. ಇವತ್ತು ವಿರಾಜಪೇಟೆಗೆ ಹೋಗಿ ಬಂದೆ, ಎಲ್ಲೂ ನಿಲ್ಲಲಿಲ್ಲ. ಫೋನಿನಲ್ಲಿ ತರಿಸಿದ ಆ ಟ್ಯಾಂಕ್ ಮಾತ್ರ ಇನ್ನೂ ವರಾಂಡದಲ್ಲಿದೆ. ಬಾಯಿ ಎಡಕ್ಕೆ ಓರೆ ಇದೆ, ರಿಟರ್ನ್ ಪೈಪೂ ಇದೆ. ಯಾರಿಗಾದರೂ ಹೊಂದುತ್ತದೆ ಅನ್ನಿಸಿದರೆ ನಿಮ್ಮ ಹಳೇ ಟ್ಯಾಂಕ್ ತಂದು ಪಕ್ಕಕ್ಕಿಟ್ಟು ನೋಡಿ.