ಚಿರತೆ ಕೊಂದರೆ ಪಂಚಾಯತ್ ಇನಾಮು ಕೊಡ್ತದಾ? ಪಶುವೈದ್ಯರಿಗೆ ಹೈನುಗಾರರ ಪ್ರಶ್ನೆಗಳು

ಪ್ರಕಾಶ (ಬ್ರಹ್ಮಾವರ): ಡಾಕ್ಟ್ರೇ, ಚಿರತೆ ಕೊಂದವರಿಗೆ ಪಂಚಾಯತ್ ಇನಾಮು ಕೊಡ್ತದೆ ಅಂತ ವಾಟ್ಸಾಪಲ್ಲಿ ಬಂದಿದೆ. ಹೌದಾ?

ಡಾಕ್ಟರ್: ಸುಳ್ಳು. ಪಂಚಾಯತಿಗೆ ಆ ಅಧಿಕಾರವೇ ಇಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಚಿರತೆ ಇದೆ. ಕೊಂದರೆ 3ರಿಂದ 7 ವರ್ಷ ಜೈಲು, ಜೊತೆಗೆ ಕಮ್ಮಿ ಎಂದರೂ 25,000 ರೂಪಾಯಿ ದಂಡ.

ಸುಮತಿ (ಹೆಬ್ರಿ): ಸಾರ್, ನಿನ್ನೆ ಸಂಜೆ ನಮ್ಮ ಹಟ್ಟಿ ಹಿಂದೆ ಚಿರತೆ ಕೂತಿತ್ತು. ಸೊಂಟಕ್ಕೆ ವಯರ್ ಸುತ್ತಿಕೊಂಡಿದೆ. ತುಂಡಾದ ತುದಿ ನೆಲದಲ್ಲಿ ಎಳೀತಿತ್ತು. ಹಿಂದಿನ ಕಾಲು ಊರಲಿಕ್ಕೆ ಆಗ್ತಿಲ್ಲ. ಹೋದ ವಾರ ನಮ್ಮ ನಾಯಿ ಹೋಯ್ತು.

ಡಾಕ್ಟರ್: ಸುಮತಿಯವರೇ, ಅದು ಹಂದಿಗೆ ಇಟ್ಟ ಉರುಳು. ಬೈಕಿನ ಕ್ಲಚ್ ವಯರಲ್ಲಿ ಮಾಡ್ತಾರೆ. ಎಳೆದಷ್ಟೂ ಬಿಗಿಯುತ್ತದೆ. ವಯರ್ ತುಂಡಾದರೂ ಕುಣಿಕೆ ಸಡಿಲ ಆಗುವುದಿಲ್ಲ. ಹೊರಗೆ ಒಂದು ಗೆರೆ ಮಾತ್ರ ಕಾಣಬಹುದು, ಅಡಿಯಲ್ಲಿ ರಕ್ತ ಓಡದೆ ಮಾಂಸ ಕೊಳೆಯುತ್ತಾ ಇರ್ತದೆ. ಕಾಲು ಊರಲಾಗದ ಪ್ರಾಣಿ ಕಾಡಲ್ಲಿ ಬೇಟೆ ಹಿಡಿಯುವುದು ಹೇಗೆ? ಅದಕ್ಕೇ ನಾಯಿ, ಕರು ಹುಡುಕಿ ಬರ್ತದೆ. ಈಗಲೇ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ವಯರ್ ಉಂಟು ಅಂತ ಮೊದಲೇ ಹೇಳಿ, ಅರಿವಳಿಕೆ ಕೊಡುವ ಡಾಕ್ಟರೂ ಬರಬೇಕು. ಕರುಗಳನ್ನು ಒಳಗೆ ಕಟ್ಟಿ. ಜನ ಸೇರಲಿಕ್ಕೆ ಬಿಡಬೇಡಿ. ಮದ್ದು ಹೊಡೆದ ಕೂಡಲೇ ಅದು ಬೀಳುವುದಿಲ್ಲ. ಬೊಬ್ಬೆ ಹಾಕಿದರೆ ಹೆದರಿ ಮೈಮೇಲೆ ಬರ್ತದೆ.

ವಸಂತ (ಕಾರ್ಕಳ): ಫಾರ್ವರ್ಡ್ ಬಂದದ್ದು: ಸತ್ತ ಕರುವಿಗೆ ತೋಟದ ವಿಷ ಹಚ್ಚಿ ಇಡಿ, ಎರಡೇ ದಿನ.

ಡಾಕ್ಟರ್: ಅಳಿಸಿ. ಅದನ್ನು ತಿಂದು ನಾಯಿ, ಕಾಗೆ, ಗಿಡುಗ ಸಾಯ್ತವೆ. ಬಾಯಲ್ಲಿ ನೊರೆ ಬಂದ ನಾಯಿಯನ್ನು ಎತ್ತಿಕೊಂಡು ರಾತ್ರಿ ನನ್ನ ಬಾಗಿಲಿಗೆ ಬರುವವರೂ ನೀವೇ.

ಹರೀಶ (ಕಾಪು): ಇನಾಮು ಎಷ್ಟು ಸಾರ್?

ಡಾಕ್ಟರ್: ಮೇಲೆ ಓದಿ.

ವಸಂತ: ಬ್ರಿಟಿಷರ ಕಾಲದಲ್ಲಿ ಸರ್ಕಾರವೇ ಕೊಡ್ತಿತ್ತಲ್ವಾ? ನಮ್ಮ ಅಜ್ಜ ಚರ್ಮ ಒಪ್ಪಿಸಿ ಹಣ ತಂದವರು.

ಶೈಲಾ (ಮಣಿಪಾಲ): ಅದರಿಂದ ಆದದ್ದು ಗೊತ್ತುಂಟಾ ವಸಂತಣ್ಣ? ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕದಲ್ಲಿ 1875ರಿಂದ 1925ರೊಳಗೆ 80,000ಕ್ಕೂ ಜಾಸ್ತಿ ಹುಲಿ, 1,50,000ಕ್ಕೂ ಜಾಸ್ತಿ ಚಿರತೆ ಸತ್ತಿವೆ.

ವಸಂತ: ಫ್ಲ್ಯಾಟಲ್ಲಿ ಕೂತವರಿಗೆ ಹಟ್ಟಿಯ ಕಷ್ಟ ಗೊತ್ತಾಗುವುದಿಲ್ಲ ಮಾರಾಯ್ರೆ.

ಶೈಲಾ: ಅಮ್ಮನ ಮನೆಯಲ್ಲಿ ನಾಲ್ಕು ದನ ಉಂಟು. ಮಾತು ಹಿಡಿತದಲ್ಲಿರಲಿ.

ಲಲಿತಾ (ಕುಂದಾಪುರ): ನಾಯಿ ಹೋದರೆ ಪರಿಹಾರ ಸಿಗ್ತದಾ?

ವಸಂತ: ಹಾಗಾದರೆ ಮನುಷ್ಯರನ್ನು ತಿಂದರೂ ಸುಮ್ನೆ ಇರಬೇಕಾ?

ಡಾಕ್ಟರ್: ಹಾಗೆ ಯಾರು ಹೇಳಿದ್ದು? ಜನರ ಜೀವಕ್ಕೆ ಅಪಾಯ ಅಂತ ಖಚಿತವಾಗಿ, ಹಿಡಿಯಲಿಕ್ಕೂ ಆಗದಿದ್ದರೆ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶ ಕೊಡಬಹುದು. ಆ ಒಂದು ಪ್ರಾಣಿಗೆ ಮಾತ್ರ. ಇನಾಮು ಇಟ್ಟರೆ ಯಾವ ಚಿರತೆ ಅಂತ ಯಾರು ನೋಡ್ತಾರೆ? ಸಿಕ್ಕಿದ್ದನ್ನು ಹೊಡೀತಾರೆ. ನಿಮ್ಮ ಕರು ಹಿಡಿದದ್ದು ತಿರುಗಾಡಿಕೊಂಡೇ ಇರ್ತದೆ.

ಸುಮತಿಯವರೇ, ಫೋನ್ ಮಾಡಿದ್ರಾ?

ಸುಮತಿ: ಮಾಡಿದೆ ಸಾರ್. ಗಾಡಿ ಹೊರಟಿದೆಯಂತೆ. ಕರುವನ್ನು ಅಡುಗೆಮನೆ ಪಕ್ಕ ಕಟ್ಟಿದ್ದೇವೆ.