ಎಂಟನೇ ವಾರ, ಒಗ್ಗರಣೆ ವಾಸನೆಗೇ ವಾಂತಿ. ಮಾತ್ರೆ ತಗೊಳ್ಳಬಹುದಾ?

ಮೊದಲ_ಬಸುರಿ:
ಮೊದಲನೇ ಸಲ, ಈಗ ಎಂಟು ವಾರ. ಎರಡು ವಾರದಿಂದ ಬ್ರಷ್ ಬಾಯಿಗಿಟ್ಟರೆ ಸಾಕು, ಹೊಟ್ಟೆ ತೊಳಸುತ್ತದೆ. ಬೆಳಿಗ್ಗೆ ಮಾತ್ರ ಅಂತ ಯಾರು ಹೇಳಿದರೋ, ನನಗೆ ಸಂಜೆಯೇ ಜಾಸ್ತಿ. ಅತ್ತೆ ಸಾರಿಗೆ ಇಂಗಿನ ಒಗ್ಗರಣೆ ಹಾಕಿದರೆ ಬಾಲ್ಕನಿಗೆ ಓಡುತ್ತೇನೆ. ಆಫೀಸಿನಲ್ಲಿ ಇನ್ನೂ ಹೇಳಿಲ್ಲ, ಬಸ್ಸು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತಾಗ ಕೈಯಲ್ಲಿ ಕವರ್ ಹಿಡಿದು ಕೂತಿರುತ್ತೇನೆ. ಅಮ್ಮ "ಮೂರು ತಿಂಗಳು ತಡ್ಕೋ, ಮಾತ್ರೆ ಮಾತ್ರ ಬೇಡ" ಅನ್ನುತ್ತಾರೆ. ನಿಜವಾಗಲೂ ಮಗುವಿಗೆ ತೊಂದರೆ ಆಗುತ್ತಾ?

ಎರಡು_ಮಕ್ಕಳ_ತಾಯಿ:
ಮೊದಲು ಹೊಟ್ಟೆ ಖಾಲಿ ಬಿಡಬೇಡಿ ಕಣ್ರೀ. ನಾನು ದಿಂಬಿನ ಪಕ್ಕ ಒಂದು ಡಬ್ಬಿ ಕಡ್ಲೆಪುರಿ ಇಟ್ಟುಕೊಂಡಿದ್ದೆ. ಎಚ್ಚರ ಆದ ಮೇಲೆ ಹಾಸಿಗೆಯಲ್ಲೇ ಒರಗಿ ಕೂತು ಒಂದು ಹಿಡಿ ತಿಂದು, ಕಾಲು ಗಂಟೆ ಸುಮ್ನೆ ಇದ್ದು ಆಮೇಲೆ ಏಳುತ್ತಿದ್ದೆ. ಬ್ರಷ್ ತಿಂಡಿ ಆದ ಮೇಲೆ ಮಾಡಿದರೂ ನಡೆಯುತ್ತದೆ. ಆದರೆ ವಾಂತಿ ಆದ ತಕ್ಷಣ ಹಲ್ಲು ಉಜ್ಜಬೇಡಿ, ಹೊಟ್ಟೆಯ ಹುಳಿ ಹಲ್ಲಿನ ಮೇಲಿರುವಾಗ ಉಜ್ಜಿದರೆ ಹಲ್ಲು ಸವೆಯುತ್ತದೆ. ನಾನು ಅದನ್ನೇ ಮಾಡಿ ಹಲ್ಲಿನ ಡಾಕ್ಟರ ಹತ್ತಿರ ಬೈಸಿಕೊಂಡೆ. ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಡಿ. ನೀರು ಗಟಗಟ ಬೇಡ, ಗುಟುಕು ಗುಟುಕಾಗಿ. ಫೋಲಿಕ್ ಆಸಿಡ್ ಬೆಳಿಗ್ಗೆ ನಿಲ್ಲದಿದ್ದರೆ ರಾತ್ರಿ ಮಲಗುವಾಗ ನುಂಗಿ, ಬಿಡಬೇಡಿ.

ಶಿರಸಿ_ಹುಡುಗಿ:
ಬಿಸಿ ಅಡುಗೆಗೆ ವಾಸನೆ ಜಾಸ್ತಿ, ತಣ್ಣಗಿದ್ದರೆ ಅಷ್ಟಿಲ್ಲ. ನನ್ನನ್ನು ಕಾಪಾಡಿದ್ದು ತಂಬುಳಿ. ಒಂದು ಸಣ್ಣ ತುಂಡು ಶುಂಠಿ, ಚೂರು ಜೀರಿಗೆ, ಒಂದು ಹಿಡಿ ಕಾಯಿತುರಿ ರುಬ್ಬಿ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ, ಅಷ್ಟೇ. ಒಗ್ಗರಣೆ ಇಲ್ಲದಿದ್ದರೆ ತಂಬುಳಿಯೇ ಅಲ್ಲ ಅಂತ ನಮ್ಮನೆಯಲ್ಲಿ ಜಗಳ ಆಯಿತು, ಆಗಲಿ ಬಿಡಿ. ಆಗಷ್ಟೇ ಮಾಡಿ ಆರಿಸಿದ ಅನ್ನದ ಜೊತೆ ನಾಲ್ಕು ತುತ್ತು ಇಳಿಯುತ್ತಿತ್ತು. ಮೂರು ತಿಂಗಳು ಅಂತ ಕ್ಯಾಲೆಂಡರ್ ನೋಡುತ್ತಾ ಕೂರಬೇಡಿ, ಬಹಳ ಜನರಿಗೆ 12ರಿಂದ 14ನೇ ವಾರಕ್ಕೆ ಕಡಿಮೆ ಆಗುತ್ತೆ, ನನಗೆ 20ನೇ ವಾರದವರೆಗೂ ಇತ್ತು.

ಔಷಧ_ಅಂಗಡಿ:
ಮಾತ್ರೆ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ದಿನಾ ಕೌಂಟರಿನಲ್ಲಿ ಇದೇ ಪ್ರಶ್ನೆ. ಡಾಕ್ಟರ್ ಸಾಮಾನ್ಯವಾಗಿ ಬರೆಯುವುದು ಡಾಕ್ಸಿಲಮೈನ್ ಮತ್ತು ವಿಟಮಿನ್ ಬಿ6 ಸೇರಿದ ಮಾತ್ರೆ. ನಿಮ್ಮ ಅಮ್ಮನ ಭಯ ಸುಮ್ನೆ ಹುಟ್ಟಿದ್ದಲ್ಲ, 1950ರ ದಶಕದ ಕೊನೆಯಲ್ಲಿ ಥಾಲಿಡೊಮೈಡ್ ಅನ್ನುವ ಮಾತ್ರೆ ತಗೊಂಡ ಬಸುರಿಯರಿಗೆ ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದ್ದರು. ಆದರೆ ಅದೇ ಬೇರೆ, ಇದೇ ಬೇರೆ. ಈ ಜೋಡಿ ಮಾತ್ರೆಯನ್ನೂ ಅಮೆರಿಕದಲ್ಲಿ ಕೋರ್ಟ್ ಕೇಸುಗಳ ಕಾಟಕ್ಕೆ 1983ರಲ್ಲಿ ಕಂಪನಿ ಮಾರಾಟ ನಿಲ್ಲಿಸಿತ್ತು, ಎಷ್ಟು ಹುಡುಕಿದರೂ ಮಗುವಿಗೆ ತೊಂದರೆ ಕಾಣಲಿಲ್ಲ, 2013ರಲ್ಲಿ ಅಲ್ಲಿನ ಸರ್ಕಾರವೇ ಮತ್ತೆ ಒಪ್ಪಿಗೆ ಕೊಟ್ಟಿತು. ನಿದ್ದೆ ಬರಿಸುತ್ತದೆ, ಅದಕ್ಕೇ ರಾತ್ರಿ ಕೊಡುತ್ತಾರೆ. ನನ್ನ ಹತ್ತಿರವೂ ಚೀಟಿ ಇಲ್ಲದೆ ಕೇಳಬೇಡಿ, ನಿಮ್ಮ ಡಾಕ್ಟರನ್ನೇ ಕೇಳಿ.

ಇನ್ನೊಂದು, ಇಡೀ ದಿನ ನೀರೂ ನಿಲ್ಲದಿದ್ದರೆ, ಮೂತ್ರ ತೀರಾ ಹಳದಿಯಾಗಿ ಕಡಿಮೆ ಆದರೆ, ಎದ್ದು ನಿಂತಾಗ ತಲೆ ತಿರುಗಿದರೆ, ವಾಂತಿಯಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಾ ಹೋದರೆ, ತಂಬುಳಿ ಗಿಂಬುಳಿ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಡ್ರಿಪ್ ಹಾಕಬೇಕಾಗಬಹುದು.

ಮೊದಲ_ಬಸುರಿ:
ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರ್ ಅದೇ ಮಾತ್ರೆ ಬರೆದುಕೊಟ್ಟರು, ನಾಲ್ಕು ದಿನ ಆಯಿತು. ಪೂರ್ತಿ ನಿಂತಿಲ್ಲ, ಆದರೆ ದಿನಕ್ಕೆ ಆರು ಸಲ ಇದ್ದದ್ದು ಎರಡಕ್ಕೆ ಇಳಿದಿದೆ. ನಿನ್ನೆ ಬಸ್ಸಿನಲ್ಲಿ ನಿದ್ದೆ ಹೋಗಿ ಎರಡು ಸ್ಟಾಪ್ ಮುಂದೆ ಇಳಿದೆ. ಅತ್ತೆ ಈಗ ನಾನು ಸ್ನಾನಕ್ಕೆ ಹೋಗುವುದನ್ನೇ ಕಾದು ಒಗ್ಗರಣೆ ಹಾಕುತ್ತಾರೆ.